ಅಲ್ಲೋನ್ ಬಾಕೂತ್

ಪುಟ್ಟಕ್ಕನವರಿಗೆ,

ನಿಮ್ಮನ್ನು ಎತ್ತಿ ಆಡಿಸಿದ ನನ್ನ ಅಮ್ಮ ಮಂಗಳವಾರ ತೀರಿಕೊಂಡಳು. ಫೋನ್ ಮಾಡಿದ್ದೆ, ನಿಮ್ಮ ಯಜಮಾನರು "ಮೀಟಿಂಗಲ್ಲಿದ್ದಾಳೆ, ಹೇಳ್ತೀನಿ" ಅಂದರು. ಹೇಳಿರಬಹುದು.

ಪಾದ್ರಿಗಳಿಂದ ಕಲಿತ ಒಂದು ಜಾಗದ ಹೆಸರು ಅಮ್ಮನಿಗೆ ಬಲು ಇಷ್ಟ: ಅಲ್ಲೋನ್ ಬಾಕೂತ್. ಹೀಬ್ರೂ ಭಾಷೆಯಲ್ಲಿ ಅಳುವಿನ ಓಕ್ ಮರ ಎಂದರ್ಥವಂತೆ. ಹಿಂದೆ ದೊಡ್ಡ ಮನೆತನವೊಂದರ ಮುದಿ ದಾದಿಯನ್ನು ಆ ಮರದಡಿ ಹೂಳಿದಾಗ ಮನೆಯವರೆಲ್ಲ ಎಷ್ಟು ಅತ್ತರೆಂದರೆ, ಜಾಗಕ್ಕೆ ಅದೇ ಹೆಸರು ನಿಂತಿತು. "ನಂಗೂ ಒಂದು ಮರ ಸಿಗತ್ತೆ ನೋಡೇ. ನಮ್ಮ ಪುಟ್ಟಕ್ಕ ಅಳೋಕೆ ಶುರು ಮಾಡಿದ್ರೆ ಬೀದಿ ಕೊನೇವರೆಗೂ ಕೇಳ್ಸತ್ತೆ" ಅನ್ನುತ್ತಿದ್ದಳು.

ಅದಕ್ಕೇ ಸ್ಮಶಾನದ ಗೋಡೆ ಪಕ್ಕದ ಮರದ ಬುಡದಲ್ಲೇ ಜಾಗ ಕೇಳಿಕೊಂಡೆ. ಗುಂಡಿ ತೋಡುವವನು, ಪಾದ್ರಿಗಳು, ನಾನು, ಇಷ್ಟೇ ಜನ. ಪಾದ್ರಿಗಳು ಓದು ನಿಲ್ಲಿಸಿ ನಾನು ಅಳಲೆಂದು ಕಾದರು. ಅಳು ಬರಲಿಲ್ಲ. ಅವಳು ನನಗೆ ಸಿಗುತ್ತಿದ್ದದ್ದು ಭಾನುವಾರ ಮಧ್ಯಾಹ್ನ ಮಾತ್ರ, ಆಗಲೂ ನಿದ್ದೆ ಹೋಗಿರುತ್ತಿದ್ದಳು.

"ಬೇರು ಗೋಡೆ ಎಬ್ಬಿಸ್ತಿದೆ, ಈ ಮರ ಕಡೀತಾರೆ" ಅಂದ ಗುಂಡಿ ತೋಡುವವನು. ನೀವು ಬರಲಾರಿರಿ ಎಂದು ಗೊತ್ತು. ಆದರೂ ಕೇಳುತ್ತೇನೆ: ಮರ ಇರುವಷ್ಟರಲ್ಲಿ ಒಮ್ಮೆ ಬಂದು ಅತ್ತು ಹೋಗಿ. ಅದು ನನ್ನ ಕೈಲಾಗುವ ಕೆಲಸವಲ್ಲ.

ನಿಮ್ಮ ಆಯಮ್ಮನ ಮಗಳು