ಕಮಾನಿಗೆ ಕರೆಂಟು, ಲಿಫ್ಟಿಗೆ ಬೀಗ

ಸೇತುವೆ ವಿಭಾಗದ ಮಾನ್ಯ ಮುಖ್ಯ ಎಂಜಿನಿಯರ್ ಅವರೇ,

ಲಗ್ಗೆರೆ ಬದಿಯ ವರ್ತುಲ ರಸ್ತೆಯ ಮೇಲೆ ತಾವು ಕಟ್ಟಿಸಿದ ಪಾದಚಾರಿ ಸೇತುವೆಯನ್ನು ಜನ ಹತ್ತುತ್ತಿಲ್ಲವೆಂದು ತಮಗೆ ಸಿಟ್ಟು ಬಂದಿದೆ. ಆ ಸಿಟ್ಟಿನಲ್ಲಿ, ನಾವು ದಾಟುವ ರಸ್ತೆ ವಿಭಜಕದ ಕಿಂಡಿಯನ್ನು ಬರುವ ಸೋಮವಾರದಿಂದ ಕಬ್ಬಿಣದ ಜಾಲರಿಯಿಂದ ಮುಚ್ಚಲಾಗುವುದು ಎಂದು ಬೋರ್ಡು ಹಾಕಿಸಿದ್ದೀರಿ. ತಿಂಡಿ ರುಚಿಯಾಗಿಲ್ಲವೆಂದು ಗಿರಾಕಿಗಳು ಎದ್ದು ಹೋಗುತ್ತಿದ್ದರೆ, ಅಡುಗೆ ಸರಿಮಾಡುವ ಬದಲು ಹೋಟೆಲಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುವ ಉಪಾಯವಿದು. ದಯವಿಟ್ಟು ಮುಚ್ಚಿಸಬೇಡಿ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ತಪಾಸಣಾ ವಿಭಾಗದಲ್ಲಿದ್ದು ನಿವೃತ್ತನಾದವನು. ಆ ಕಿಂಡಿ ಅಪಾಯಕಾರಿ ಎಂಬುದನ್ನು ತಾವು ನನಗೆ ಹೇಳಬೇಕಿಲ್ಲ. ಅಲ್ಲಿ ಒಂದೇ ವರ್ಷದಲ್ಲಿ ಮೂರು ಅಪಘಾತ ಕಂಡ ಮೇಲೆಯೇ ನಾನು ಮನೆಮನೆ ಸುತ್ತಿ ನಾಲ್ಕು ನೂರ ಹನ್ನೆರಡು ಸಹಿ ಕೂಡಿಸಿ ತಮ್ಮ ಕಚೇರಿಗೆ ಅರ್ಜಿ ಕೊಟ್ಟಿದ್ದು. ಮೊದಲ ಸಹಿ ನಮ್ಮ ಹಿಂದಿನ ಬೀದಿಯ ಶಿವಲಿಂಗಮ್ಮನವರದು. ರಸ್ತೆಯಾಚೆಯ ಗಾರ್ಮೆಂಟ್ಸಿನಲ್ಲಿ ಅವರು ಅಂಗಿಗಳಿಗೆ ಕಾಲರ್ ಹೊಲಿಯುತ್ತಾರೆ. ಬೆಳಿಗ್ಗೆ ಎಂಟೂವರೆಗೆ ಗೇಟು ಮುಚ್ಚುತ್ತದೆ. ಆಮೇಲೆ ಹೋದವರಿಗೆ ಅರ್ಧ ದಿನದ ಸಂಬಳವಿಲ್ಲ.

ಪೆನ್ನು ಕೈಗೆ ತೆಗೆದುಕೊಳ್ಳುವ ಮುನ್ನ ಅವರು ಒಂದು ಮಾತು ಹೇಳಿದ್ದರು. "ಸೇತುವೆ ಗೀತುವೆ ಯಾಕೆ ಸಾರ್, ಅಷ್ಟೆತ್ರ ಅತ್ತಿ ಇಳಿಯಕ್ಕೆ ನಮ್ಗೆಲ್ಲೈತೆ ಟೈಮು? ಒಂದು ಸಿಗ್ನಲ್ ಆಕ್ಸಿ. ಗಾಡಿಯೋರು ಅರ್ಧ ನಿಮಿಷ ನಿಂತ್ಕೊಂಡ್ರೆ ಸಾಕು, ನಾವು ದಾಟ್ಕೊಂತೀವಿ."

ನಾನು ನಕ್ಕೆ. "ಸಿಗ್ನಲ್ ಯಾರು ನೋಡ್ತಾರಮ್ಮ? ಸೇತುವೆ ಅಂದ್ರೆ ಶಾಶ್ವತ ಪರಿಹಾರ, ನಿಮಗೆ ಗೊತ್ತಾಗಲ್ಲ" ಎಂದೆ. ಅರ್ಜಿಯಲ್ಲಿ ಸೇತುವೆ ಎಂದೇ ಬರೆದೆ.

ತಾವು ಮಂಜೂರು ಮಾಡಿದಿರಿ. ಬಳಿಕ ನಡೆದ ಸಾರ್ವಜನಿಕ ಸಮಾಲೋಚನಾ ಸಭೆಯನ್ನು ನಾನು ಮರೆಯಲಾರೆ. ಸೇತುವೆಯ ಮೇಲಿನ ಕಮಾನು ಹಂಸದ ಆಕಾರದಲ್ಲಿರಬೇಕೋ ವೀಣೆಯ ಆಕಾರದಲ್ಲಿರಬೇಕೋ ಎಂದು ಎರಡು ಗಂಟೆ ಚರ್ಚೆಯಾಯಿತು. ಹಂಸ ಗೆದ್ದಿತು. ಅದರ ರೆಕ್ಕೆಗಳ ದೆಸೆಯಿಂದ ಮೂರು ಕೋಟಿಯ ಅಂದಾಜು ಐದೂವರೆ ಕೋಟಿಗೆ ಹಾರಿತು. ಅಷ್ಟು ಹಣಕ್ಕೆ ಜೀವಂತ ಹಂಸಗಳನ್ನೇ ಸಾಕಬಹುದಿತ್ತಲ್ಲ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದ್ದು ನಡಾವಳಿಯಲ್ಲಿ ದಾಖಲಾಗಿಲ್ಲ. ಮೆಟ್ಟಿಲು ಎಷ್ಟು, ಲಿಫ್ಟು ಯಾವಾಗ ಎಂದು ನಾನು ಕೇಳಿದ್ದಕ್ಕೆ, "ಅವೆಲ್ಲ ಟೆಕ್ನಿಕಲ್ ವಿಷಯ, ಊಟ ಆದ್ಮೇಲೆ ನೋಡೋಣ ಸಾರ್" ಎಂಬ ಉತ್ತರ ಬಂತು. ಊಟ ಚೆನ್ನಾಗಿತ್ತು. ಆಮೇಲೆ ಯಾರೂ ಇರಲಿಲ್ಲ.

ಈಗ ಪ್ರತಿ ಸಂಜೆ ಹಂಸ ಏಳು ಬಣ್ಣಗಳಲ್ಲಿ ಹೊಳೆಯುತ್ತದೆ. ಕೆಳಗೆ ಲಿಫ್ಟಿನ ಬಾಗಿಲ ಮೇಲೆ "ಹಿರಿಯ ನಾಗರಿಕರಿಗೆ ಆದ್ಯತೆ" ಎಂಬ ಫಲಕವಿದೆ, ಫಲಕದ ಕೆಳಗೆ ಬೀಗವಿದೆ. ನಾನೂ ಹಿರಿಯ ನಾಗರಿಕನೇ ಆದ್ದರಿಂದ ಕಾವಲುಗಾರ ಮುನೀಂದ್ರನನ್ನು ಬೀಗದ ಕೈ ಕೇಳಿದೆ. "ಕೀ ಇದ್ರೂ ಪ್ರಯೋಜ್ನ ಇಲ್ಲ ಸಾರ್, ಲಿಫ್ಟ್‌ಗೆ ಇನ್ನೂ ಕನೆಕ್ಷನ್ನೇ ಕೊಟ್ಟಿಲ್ಲ. ಲೈಟಿಗೆ ಮಾತ್ರ ಕರೆಂಟ್ ಐತೆ" ಎಂದ. ಹಾರುವ ಹಕ್ಕಿಗೆ ವಿದ್ಯುತ್ತು, ಹತ್ತಲಾರದ ಮನುಷ್ಯರಿಗೆ ಫಲಕ. ಇಂಥ ಆದ್ಯತೆ ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ?

ಇಷ್ಟೆಲ್ಲ ಆದರೂ ಶಿವಲಿಂಗಮ್ಮ ಒಂದು ತಿಂಗಳು ಸೇತುವೆಯ ಮೇಲೆಯೇ ಓಡಾಡಿದರು. ಹತ್ತಲು ಐವತ್ತೆಂಟು ಮೆಟ್ಟಿಲು, ಇಳಿಯಲು ಐವತ್ತೆಂಟು. "ಸಾರ್ ಕೇಳಿ ತಂದಿರೋದು, ನಾವೇ ಅತ್ತದಿದ್ರೆ ಎಂಗೆ?" ಎಂದು ಜೊತೆಯ ಹೆಂಗಸರಿಗೂ ಹೇಳುತ್ತಿದ್ದರಂತೆ. ಒಂದು ಬೆಳಿಗ್ಗೆ ಗೇಟಿನ ಅವಸರದಲ್ಲಿ ಇಳಿಯುವಾಗ ಕೊನೆಯ ಮೆಟ್ಟಿಲಲ್ಲಿ ಬಿದ್ದರು. ಮಂಡಿಯ ಚಿಪ್ಪು ಒಡೆಯಿತು. ಮೂರು ತಿಂಗಳು ಕೆಲಸವಿಲ್ಲದೆ ಮನೆಯಲ್ಲಿದ್ದರು.

ಅವರು ಬಿದ್ದ ಮರುದಿನವೇ ನಾನು ಟೇಪು ಹಿಡಿದು ಹೋದೆ. ಮೆಟ್ಟಿಲುಗಳೆಲ್ಲ ಆರು ಇಂಚು ಎತ್ತರ, ಕೊನೆಯದೊಂದು ಒಂಬತ್ತು. ನಮ್ಮ ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಅಳತೆ ತಪ್ಪಿದರೂ ಆ ಮಾಲಿಗೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುತ್ತಿದ್ದೆವು. ಕೆಂಪು ಎಂದರೆ ತಿರಸ್ಕೃತ. ಕೈಗೆ ಅಂಟಿದ ಅಭ್ಯಾಸ, ಒಂದು ಡಬ್ಬಿ ತಂದು ಆ ಮೆಟ್ಟಿಲಿಗೆ ಕೆಂಪು ಬಳಿದೆ. ವಾರದಲ್ಲೇ ತಮ್ಮ ಸಿಬ್ಬಂದಿ ಬಂದರು. ಸರಿಮಾಡಲು ಬಂದರೆಂದು ಹಿಗ್ಗಿದೆ. ಅವರು ಉಳಿದ ಮೆಟ್ಟಿಲುಗಳಿಗೂ ಕೆಂಪು ಬಳಿದು ಹೋದರು! ಕೇಳಿದರೆ, "ಒಂದಕ್ಕೆ ಮಾತ್ರ ಬಣ್ಣ ಇದ್ರೆ ಚೆನ್ನಾಗಿ ಕಾಣಲ್ಲ ಅಂತ ಸಾಹೇಬ್ರು ಹೇಳಿದ್ರು" ಎಂದರು. ಸ್ವಾಮಿ, ನಮ್ಮ ಕಾರ್ಖಾನೆಯ ಪ್ರಕಾರ ತಾವು ಇಡೀ ಸೇತುವೆಯನ್ನೇ ತಿರಸ್ಕರಿಸಿದ್ದೀರಿ. ಈ ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಇದೇ ಮಾದರಿಯ ಇನ್ನೂ ಆರು ಸೇತುವೆಗಳು ಬರಲಿವೆ ಎಂದು ಕೇಳಿದೆ. ನಮ್ಮಲ್ಲಿ ಮೊದಲ ಪೀಸು ಪಾಸಾಗದೆ ಎರಡನೆಯದಕ್ಕೆ ಯಾರೂ ಯಂತ್ರ ಚಾಲೂ ಮಾಡುತ್ತಿರಲಿಲ್ಲ. ತಮ್ಮ ಮೊದಲ ಪೀಸನ್ನು ಯಾರು ಪಾಸು ಮಾಡಿದರು? ಉದ್ಘಾಟನೆಯ ದಿನ ತಾವು ಕೆಳಗೇ ರಿಬ್ಬನ್ ಕತ್ತರಿಸಿ ಕಾರು ಹತ್ತಿದ್ದನ್ನು ನಾನು ನೋಡಿದ್ದೇನೆ.

ಶಿವಲಿಂಗಮ್ಮ ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ, ಕುಂಟುತ್ತಾ, ಅದೇ ಕಿಂಡಿಯಲ್ಲಿ. ಸೋಮವಾರ ಜಾಲರಿ ಬಿದ್ದರೆ ಅವರ ಕೆಲಸ ಹೋಯಿತು, ಅಷ್ಟೇ. ಮೊನ್ನೆ ಅವರನ್ನು ನೋಡಲು ಹೋಗಿದ್ದೆ. ಕಾಫಿ ಕೊಟ್ಟು, "ಸಿಗ್ನಲ್ ವಿಷ್ಯ ಅರ್ಜೀಲಿ ಬರ್ದಿದ್ರಾ ಸಾರ್?" ಎಂದು ಕೇಳಿದರು. ಕೋಪದಿಂದ ಕೇಳಲಿಲ್ಲ, ಸುಮ್ಮನೆ ಕೇಳಿದರು. ಬರೆದಿರಲಿಲ್ಲ. ಸಾವಿರಾರು ತಪ್ಪು ಮಾಲುಗಳನ್ನು ಹಿಡಿದವನು ನಾನು, ಸರಿಯಾಗಿದ್ದ ಒಂದೇ ಒಂದು ಮಾತನ್ನು ತಿರಸ್ಕರಿಸಿದ್ದೆ.

ಆದ್ದರಿಂದ ನನ್ನ ಒತ್ತಾಯವಿಷ್ಟು. ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಜಾಲರಿಯ ಬದಲು ತಾವೇ ಬನ್ನಿ. ಊಟದ ಡಬ್ಬಿ ಹಿಡಿದು, ಐವತ್ತೆಂಟು ಹತ್ತಿ ಐವತ್ತೆಂಟು ಇಳಿದು, ಎಂಟೂವರೆಗೆ ಗೇಟು ಮುಟ್ಟಿ ತೋರಿಸಿ. ಮುಟ್ಟಿದರೂ ಮುಟ್ಟದಿದ್ದರೂ ಕಿಂಡಿ ಮುಚ್ಚಿಸಬೇಡಿ, ಅಲ್ಲಿ ಸಿಗ್ನಲ್ ಹಾಕಿಸಿ. ಹಳೆಯ ಅರ್ಜಿಯನ್ನು ಹಿಂತೆಗೆದುಕೊಂಡು ಹೊಸದನ್ನು ಈ ಪತ್ರದ ಜೊತೆಗಿಟ್ಟಿದ್ದೇನೆ. ಅದರಲ್ಲಿ ನನ್ನದೊಂದು ಪದವೂ ಇಲ್ಲ. ಶಿವಲಿಂಗಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ: "ಗಾಡಿಯೋರು ಅರ್ಧ ನಿಮಿಷ ನಿಂತ್ಕೊಂಡ್ರೆ ಸಾಕು, ನಾವು ದಾಟ್ಕೊಂತೀವಿ."

ಇಂತಿ,
ಕೇಳಬಾರದ್ದನ್ನು ಕೇಳಿ ಪಡೆದ
ವೆಂಕಟಸುಬ್ಬಯ್ಯ
(ಹೊಸ ಅರ್ಜಿಯಲ್ಲಿ ಎರಡನೆಯ ಸಹಿ ನನ್ನದು)