ಉಳಿದರ್ಧ ಪೇಡ

ಅಪ್ಪ,

ನೀನು ಶಿಫ್ಟ್ ಮುಗಿಸಿ ಬರೋ ಹೊತ್ತಿಗೆ ನಾನು ಮೈಸೂರಿನ ರೈಲು ಹತ್ತಿರ್ತೀನಿ. ಮಾವ ಜೊತೆಗಿದ್ದಾರೆ. ಅನ್ನ, ಸೊಪ್ಪಿನ ಸಾರು ಮುಚ್ಚಿಟ್ಟಿದ್ದೀನಿ, ಸಾರು ಬಿಸಿ ಮಾಡ್ಕೊ. ನಲ್ಲಿ ನೀರು ಒಂಬತ್ತಕ್ಕೆ ಬರುತ್ತೆ, ಹಿಡಿದಿಟ್ಟು ಆಮೇಲೆ ಮಲಗು.

ಶಿಫ್ಟ್ ಬದಲಾಯಿಸಿಕೊಂಡು ಸ್ಟೇಷನ್ನಿಗೆ ಬರ್ತೀನಿ ಅಂತ ನೀನು ಅಂದಿದ್ದೆ. ಆದ್ರೆ ಯಾರನ್ನೂ ಕೇಳಲೇ ಇಲ್ಲ ಅಂತ ಗೊತ್ತು. ಕೇಳಿದ್ರೆ ಯಾಕೆ ಅಂತಾರೆ, ಆಗ ನನ್ನ ಹೆಸರು ಎತ್ತಬೇಕಾಗುತ್ತೆ. ಮಗಳಿಗೆ ಫಸ್ಟ್ ಕ್ಲಾಸ್ ಗ್ಯಾರಂಟಿ ಅಂತ ಪಿಯುಸಿ ರಿಸಲ್ಟಿನ ಹಿಂದಿನ ದಿನವೇ ಇಡೀ ಶಿಫ್ಟಿಗೆ ಪೇಡ ಹಂಚಿದ್ದೆ. ನಾನು ಪಾಸಾಗಿದ್ದೇ ನಲವತ್ತೆರಡು ಪರ್ಸೆಂಟಿಗೆ. ನನಗೆ ಅಂತ ಎತ್ತಿಟ್ಟಿದ್ದ ಪೇಡಕ್ಕೆ ಇರುವೆ ಹತ್ತಿತು. ಅದನ್ನ ನೀನೂ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ.

ಡಿಗ್ರಿ ಮೊದಲ ವರ್ಷಕ್ಕೆ ಇಲ್ಲಿ ಎಂಬತ್ತೊಂದು ಬಂತಲ್ಲ, ಮೈಸೂರಿನ ಕಾಲೇಜಿನವರು ಅದನ್ನ ನೋಡಿಯೇ ಎರಡನೇ ವರ್ಷಕ್ಕೆ ಸೀಟು ಕೊಟ್ಟಿರೋದು. ಶಂಕರಘಟ್ಟದ ಯೂನಿವರ್ಸಿಟಿಗೆ ಮೂರು ಸಲ ಅಲೆದು ಸರ್ಟಿಫಿಕೇಟ್ ತಂದವಳೂ ನಾನೇ. ಸೀಟಿನ ಪತ್ರದ ಜೆರಾಕ್ಸ್ ಒಗೆದಿಟ್ಟಿರೋ ನಿನ್ನ ಖಾಕಿ ಶರ್ಟಿನ ಜೇಬಲ್ಲಿದೆ. ಯಾರಿಗಾದ್ರೂ ತೋರಿಸ್ತೀಯೋ ಬಿಡ್ತೀಯೋ, ನಿನ್ನಿಷ್ಟ.

ಸ್ಟೀಲ್ ಡಬ್ಬಿಯಲ್ಲಿ ಪೇಡ ಇದೆ, ಒಂದೇ ತಂದಿದ್ದು. ಅರ್ಧ ನಾನು ತಿಂದಿದ್ದೀನಿ. ಉಳಿದರ್ಧ ನಿಂದು, ಇರುವೆ ಹತ್ತೋಕೆ ಮುಂಚೆ ತಿನ್ನು.

ಪುಷ್ಪಾ