ದರ್ಜಿಯ ಅಂಗಡಿಯ ಗಿಳಿಗಳು

ಚಿಕ್ಕಮ್ಮಾ, ನಮಸ್ಕಾರ.

ಇಲ್ಲಿ ನಮ್ಮ ಆಸ್ಪತ್ರೆಗೆ ಬಂದ ಏಳು ಜನರಿಗೆ ಹಕ್ಕಿಯಿಂದ ಬರುವ ಜ್ವರ. ಯಾರ ಮನೆಯಲ್ಲೂ ಹಕ್ಕಿಯಿಲ್ಲವೆಂದು ನಾನೇ ನಮೂನೆ ತುಂಬಿದ್ದೆ. ನಮ್ಮ ಸಿಸ್ಟರ್ ಮಾತ್ರ ನಮೂನೆ ಬದಿಗಿಟ್ಟು, "ರವಿಕೆ ಚೆನ್ನಾಗಿದೆ ಕಣಮ್ಮಾ, ಯಾರು ಹೊಲಿದಿದ್ದು?" ಎಂದು ಹರಟುತ್ತಾ ಹೋದರು. ಏಳೂ ಜನರ ಬಟ್ಟೆ ಹೊಲಿದವನು ಒಬ್ಬನೇ ದರ್ಜಿ! ಅಂಗಡಿಗೆ ಹೋದರೆ, ಅಳತೆ ಕೊಡಲು ನಿಲ್ಲುವ ಜಾಗದ ಮೇಲೇ ಗಿಳಿಗಳ ಪಂಜರ. ದರ್ಜಿ ಯಂತ್ರಕ್ಕೊರಗಿ ಏದುಸಿರು ಬಿಡುತ್ತಿದ್ದ.

"ಬರೀ ಕೆಮ್ಮು ಸಿಸ್ಟರ್, ಎರಡು ಅಂಗಿ ಮುಗಿಸಿ ಬರ್ತೀನಿ."

"ಅಂಗಿ ಕಾಯುತ್ತೆ, ಉಸಿರು ಕಾಯಲ್ಲ. ಏಳಿ!"

ಒಂದು ದಿನ ತಡವಾಗಿದ್ದರೂ ಕಷ್ಟವಿತ್ತು ಎಂದರು ಡಾಕ್ಟರು. ಇವತ್ತು ಅವನ ಜ್ವರ ಇಳಿದಿದೆ, ಗಿಳಿಗಳಿಗೂ ಔಷಧಿ ನಡೆದಿದೆ.

ನಾನು ಮಾಸ್ಕ್ ಹಾಕಿಕೊಂಡೇ ಓಡಾಡುತ್ತೇನೆ, ಗಾಬರಿ ಬೇಡ. ದರ್ಜಿಯ ಅಳತೆ ಪುಸ್ತಕದಲ್ಲಿ ಇನ್ನೂ ಮೂವತ್ತು ಹೆಸರಿವೆ. ಸಿಸ್ಟರ್ ಆಗಲೇ ಚಪ್ಪಲಿ ಮೆಟ್ಟಿದ್ದಾರೆ.

ನಿನ್ನ ಅಕ್ಕನ ಮಗಳು